ಕಾಯಿಲೆಯಿರುವ ಮನೆಯ ರಮಝಾನ್

ಶಾಬಾನ್ ತಿಂಗಳ ಒಂದು ಶುಕ್ರವಾರ. ಜುಮಾ ನಮಾಝ್ ಮುಗಿದು ಜನರು ಮಸೀದಿಯ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದರು. ಆಗ ಯುವಕರೊಬ್ಬರು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮಂಡಿಯೊಂದರ ಲೆಕ್ಕ ಬರೆಯುವವರು. "ಮೌಲವಿ ಸಾಹೇಬರೇ, ನನ್ನ ಮನೆಯವಳಿಗೆ ಸಕ್ಕರೆ ಕಾಯಿಲೆ. ಹದಿನಾರನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಚಿಕ್ಕ ಚಿಕ್ಕ ಮಕ್ಕಳಿಬ್ಬರಿದ್ದಾರೆ. ಅವಳು ರೋಝಾ ಬಿಟ್ಟರೆ ಗುನಾಹ್ ಆಗುತ್ತದೆಯೇ?" ಎಂದು ಕೇಳಿದರು.

ಗುನಾಹ್ ಆಗುವುದಿಲ್ಲ, ವೈದ್ಯರು ಬೇಡವೆಂದರೆ ಬಿಡಬೇಕು, ಬದಲಿಗೆ ಫಿದ್ಯಾ ಕೊಡಬೇಕು ಎಂದು ಅರ್ಧ ನಿಮಿಷದಲ್ಲಿ ಉತ್ತರ ಹೇಳಿದೆ. ಅವರು ಹೋಗಲಿಲ್ಲ. ತಲೆ ತಗ್ಗಿಸಿ ನಿಂತೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ, "ಅದು ನನಗೂ ಗೊತ್ತು. ಆದರೆ ಅಮ್ಮಿಗೆ ಹೇಗೆ ಹೇಳಲಿ? ಮಕ್ಕಳಿಗೆ ಏನೆಂದು ಹೇಳಲಿ?" ಎಂದರು.

ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಅರ್ಧ ನಿಮಿಷದ ಉತ್ತರ ಇರಲಿಲ್ಲ. ಏಕೆಂದರೆ ಅದು ನನ್ನ ಮನೆಯದೇ ಪ್ರಶ್ನೆಯಾಗಿತ್ತು.

ಪ್ರಿಯ ಸಹೋದರ ಸಹೋದರಿಯರೇ, ನನ್ನ ಪತ್ನಿಗೂ ಇದೇ ಕಾಯಿಲೆ ಇದೆ. ಹದಿನಾಲ್ಕನೇ ವಯಸ್ಸಿನಲ್ಲಿ ಬಂದದ್ದು. ಆಕೆಯ ಅನುಮತಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ನನ್ನ ಹೆಸರು ಬೇಡ, ಉಳಿದದ್ದೆಲ್ಲ ಬರೆಯಿರಿ. ನಿಮ್ಮ ತಪ್ಪನ್ನೂ ಬರೆಯಿರಿ" ಎಂದು ಹೇಳಿದ್ದಾಳೆ.

ಸಕ್ಕರೆ ಕಾಯಿಲೆಯೆಂದರೆ ನಮ್ಮ ಜನ ಒಂದೇ ಎಂದು ತಿಳಿಯುತ್ತಾರೆ. ನಲವತ್ತು ದಾಟಿದ ಮೇಲೆ ಬಂದು ಮಾತ್ರೆ, ನಡಿಗೆ, ಪಥ್ಯಗಳಿಂದ ಹತೋಟಿಗೆ ಬರುವಂಥದ್ದು ನಮ್ಮ ಬಹುತೇಕ ಮನೆಗಳಲ್ಲಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಈ ಬಗೆಯವರು. ನನ್ನ ಪತ್ನಿಯದು ಇನ್ನೊಂದು ಬಗೆ. ಮಕ್ಕಳಿಗೂ ಹರೆಯದವರಿಗೂ ಹೆಚ್ಚಾಗಿ ಬರುವಂಥದ್ದು. ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಉತ್ಪಾದಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಹೊರಗಿನಿಂದ ಅದನ್ನು ಕೊಡದಿದ್ದರೆ ಮನುಷ್ಯ ಬದುಕುವುದಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊ ನಗರದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ತಂದೆತಾಯಿಯರ ಕಣ್ಣೆದುರಿಗೇ ಬತ್ತಿ ಸಾಯುತ್ತಿದ್ದರು. ನನ್ನ ಪತ್ನಿ ನೂರು ವರ್ಷ ಹಿಂದೆ ಹುಟ್ಟಿದ್ದರೆ ನನ್ನ ಮಕ್ಕಳು ಹುಟ್ಟುತ್ತಲೇ ಇರಲಿಲ್ಲ. ಪ್ರತಿಯೊಂದು ರೋಗದ ಜೊತೆ ಅದರ ಔಷಧವನ್ನೂ ಅಲ್ಲಾಹನು ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ಪ್ರವಾದಿವರ್ಯರು(ಸ) ಗ್ರಾಮೀಣ ಅರಬರಿಗೆ ಹೇಳಿದ ಹದೀಸನ್ನು ನಾನು ಮದ್ರಸಾದಲ್ಲಿ ಓದಿದ್ದೆ. ಆದರೆ ಅದರ ಅರ್ಥ ತಿಳಿದದ್ದು ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿಟ್ಟ ಆ ಪುಟ್ಟ ಸೀಸೆಯನ್ನು ದಿನಾ ನೋಡಿದ ಮೇಲೆಯೇ.

ಇಲ್ಲೊಂದು ಮಾತು. ಇನ್ಸುಲಿನ್ ಹಂದಿಯಿಂದ ತೆಗೆದದ್ದು, ಹರಾಮ್ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಹಿಂದೆ ಹಂದಿ ಮತ್ತು ದನಗಳ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. ಆದರೆ 1982ರಿಂದಲೇ ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಇನ್ಸುಲಿನ್ ಬಳಕೆಗೆ ಬಂದಿದೆ. ನಮ್ಮ ಬೆಂಗಳೂರಿನದೇ ಬಯೋಕಾನ್ ಕಂಪೆನಿಯು 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಗೊತ್ತಿಲ್ಲದ ವಿಷಯದಲ್ಲಿ ಹರಾಮ್ ಎಂಬ ಪದವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ತಿರುಗುವುದು ಸಣ್ಣ ಅಪರಾಧವೇನಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2024ರ ರಮಝಾನ್ ನಮ್ಮಲ್ಲಿ ಮಾರ್ಚ್ 12ಕ್ಕೆ ಆರಂಭವಾಯಿತು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜನ ಪರದಾಡಿದ ಬೇಸಿಗೆ ಅದು. ನಾವು ಆರ್.ಟಿ. ನಗರದ ಹಿಂಬದಿಯ ಒಂದು ಗಲ್ಲಿಯಲ್ಲಿ, ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಮಗಳಿಗೆ ಆಗ ಆರು ವರ್ಷ, ಮಗನಿಗೆ ಮೂರು. ನನ್ನ ತಾಯಿಯೂ ನಮ್ಮೊಂದಿಗೇ ಇದ್ದಾರೆ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಬಸುರಿ, ಬಾಣಂತಿ, ಮೊಲೆಯೂಡಿಸುವ ತಾಯಿ ಎಂಬ ಕಾರಣಗಳಿದ್ದುದರಿಂದ ಆಕೆ ಉಪವಾಸ ಬಿಟ್ಟುದನ್ನು ಯಾರೂ ಪ್ರಶ್ನಿಸಿರಲಿಲ್ಲ. ಆ ವರ್ಷ ಅಂಥ ಕಾರಣ ಇರಲಿಲ್ಲ. ಅಮ್ಮಿ ಕಠಿಣವಾಗಿ ಏನೂ ಹೇಳಲಿಲ್ಲ. "ನಮ್ಮ ಕಾಲದಲ್ಲಿ ಜ್ವರ ಬಂದರೂ ರೋಝಾ ಬಿಡುತ್ತಿರಲಿಲ್ಲ ಬೇಟಾ" ಎಂದು ಒಮ್ಮೆ ಹೇಳಿದರು, ಅಷ್ಟೆ. ಸಂಬಂಧಿಕರಲ್ಲೊಬ್ಬರು, ಮೌಲವಿಯ ಹೆಂಡತಿಯೇ ಹೀಗಾದರೆ ಬೇರೆಯವರ ಗತಿಯೇನು ಎಂದು ನಗುತ್ತಾ ಕೇಳಿದರು. ನಗುತ್ತಾ ಹೇಳಿದ ಮಾತೇ ಹೆಚ್ಚು ಚುಚ್ಚುತ್ತದೆ. ಉಪವಾಸವಿಲ್ಲದ ಮೊದಲ ದಿನ ಆಕೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡೇ ತಿಂದಳು. ಎರಡನೇ ದಿನ ಸಹರಿಗೆ ಎದ್ದಳು. "ನಾನೂ ಇಡುತ್ತೇನೆ" ಎಂದಳು.

ನಾನು ಸುಮ್ಮನಿದ್ದೆ.

ಅಲ್ ಬಕರಃ ಅಧ್ಯಾಯದ 184 ಮತ್ತು 185ನೇ ಸೂಕ್ತಗಳನ್ನು ಅದೇ ವಾರ ಮಕ್ತಬಿನ ಮಕ್ಕಳಿಗೆ ಪಾಠ ಮಾಡಿದ್ದವನು ನಾನು. ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳ ಅವಕಾಶ ಕೊಟ್ಟು, ತಾನು ನಿಮಗೆ ಸುಲಭವನ್ನು ಬಯಸುತ್ತೇನೆಯೇ ಹೊರತು ಕಷ್ಟವನ್ನಲ್ಲವೆಂದು ಅಲ್ಲಾಹನು ಉಪವಾಸದ ಆದೇಶದ ನಡುವೆಯೇ ತಿಳಿಸಿದ್ದಾನೆ. ಅದನ್ನು ಕಪ್ಪುಹಲಗೆಯ ಮೇಲೆ ಬರೆದವನಿಗೆ ಮನೆಯಲ್ಲಿ ಬಾಯಿ ಬರಲಿಲ್ಲ. ಏಕೆ? ಆ ನಗುವಿನ ಮಾತು ನನ್ನೊಳಗೂ ಕೂತಿತ್ತು. ಹೆಂಡತಿ ಉಪವಾಸ ಹಿಡಿದರೆ ನನ್ನ ಮಾನ ಉಳಿಯುತ್ತದೆ ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಅನ್ನಿಸಿತ್ತು. ಅಲ್ಲಾಹನು ಕ್ಷಮಿಸಲಿ.

ಎಂಟು ದಿನ ಹೇಗೋ ನಡೆಯಿತು. ಆ ರಾತ್ರಿ ಮಗನಿಗೆ ಜ್ವರ. ಇಡೀ ರಾತ್ರಿ ಆಕೆ ಮಲಗಲಿಲ್ಲ. ಸಹರಿಗೆ ಎರಡು ತುತ್ತು ತಿಂದು, ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡಿದ್ದಾಳೆ. ಅಮ್ಮಿ ಯಲಹಂಕದ ಹಳೇಪೇಟೆಯಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿದ್ದರು. ನಾನು ಶಾಲೆ ಮುಗಿಸಿ, ದಾರಿಯಲ್ಲಿ ಅಸ್ರ್ ನಮಾಝ್ ಮಾಡಿ ಮನೆಗೆ ಬಂದೆ. ಮಗಳು ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟು, "ಶ್! ಅಬ್ಬಾ, ಅಮ್ಮಿ ಮಲಗಿದ್ದಾರೆ" ಎಂದಳು.

ಆಕೆ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಮೈಮೇಲೆ ಒಂದು ಚಾದರ ಹೊದಿಸಲಾಗಿತ್ತು. ತಲೆಯ ಕೆಳಗೆ ದಿಂಬನ್ನು ತೂರಿಸಲು ಮಗು ಪ್ರಯತ್ನಿಸಿತ್ತು. ಆಗದೆ ಪಕ್ಕದಲ್ಲಿಟ್ಟಿತ್ತು. ಅಮ್ಮಿಯ ನಿದ್ದೆ ಕೆಡಬಾರದೆಂದು ತಮ್ಮನನ್ನು ಒಳಕೋಣೆಗೆ ಕರೆದೊಯ್ದು, ಆಟದ ಸಾಮಾನು ಕೊಟ್ಟು ಕೂರಿಸಿತ್ತು. ಹಾಗೆ ಎಷ್ಟು ಹೊತ್ತಾಗಿತ್ತೋ ಅಲ್ಲಾಹನೇ ಬಲ್ಲ. ಪತ್ನಿಯ ಮೈಯೆಲ್ಲ ಬೆವರಿನಿಂದ ಒದ್ದೆ. ಕರೆದರೆ ಉತ್ತರವಿಲ್ಲ. ಪಕ್ಕದ ಮನೆಯವರ ಆಟೋದಲ್ಲಿ ಹೆಬ್ಬಾಳದ ಕಡೆ ಹೊರಟೆವು. ಇಫ್ತಾರಿಗೆ ಮನೆ ಸೇರುವವರೆಲ್ಲ ರಸ್ತೆಯಲ್ಲಿದ್ದ ಹೊತ್ತು ಅದು. ಆ ರಸ್ತೆ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಆಕೆ ಕಣ್ಣು ತೆರೆದಳು. ಮೊದಲು ಕೇಳಿದ ಮಾತು, "ರೋಝಾ ಮುರಿಯಿತೇ?"

ವೈದ್ಯರು ನಮ್ಮ ಧರ್ಮದವರಲ್ಲ. ನನ್ನ ಗಡ್ಡ, ಟೋಪಿಗಳನ್ನು ನೋಡಿ, "ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ನಿಮ್ಮ ಜನರೇ ನನಗೆ ಹೇಳಿದ್ದಾರೆ. ಇವರಿಗೆ ಯಾರೂ ಹೇಳಲಿಲ್ಲವೇ?" ಎಂದು ಕೇಳಿದರು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ನಾನು ನೆಲ ನೋಡಿದೆ.

ಅಬೂದಾವೂದ್ ಗ್ರಂಥದಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲೇಟು ಬಿದ್ದು ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಬಹುದೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಇರುವಾಗ ನಿಮಗೆ ಆ ರಿಯಾಯಿತಿ ಇಲ್ಲವೆಂದು ಅವರು ಹೇಳಿದರು. ಆತ ಸ್ನಾನ ಮಾಡಿದರು, ತೀರಿಕೊಂಡರು. ಪ್ರವಾದಿವರ್ಯರಿಗೆ(ಸ) ವಿಷಯ ತಿಳಿದಾಗ ಬಹಳ ಕೋಪ ಬಂತು. ಅವರೇ ಆತನನ್ನು ಕೊಂದರೆಂದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳಿ ತಿಳಿಯುವುದೇ ಅಲ್ಲವೇ ಎಂದರು. ಆ ಪ್ರಯಾಣಿಕನ ಸಂಗಾತಿಗಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಈ ಹದೀಸನ್ನು ಓದುವಾಗಲೆಲ್ಲ ಈಗ ನನಗೆ ಅಡುಗೆಮನೆಯ ನೆಲ ಕಾಣುತ್ತದೆ.

ಆದ್ದರಿಂದ ಮೊದಲು ಧರ್ಮವಿಧಿಯನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಗುಣವಾಗುವ ಕಾಯಿಲೆಯಾದರೆ ಉಪವಾಸ ಬಿಟ್ಟು, ಗುಣವಾದ ಮೇಲೆ ಬೇರೆ ದಿನಗಳಲ್ಲಿ ಕಝಾ ಮಾಡಬೇಕು. ಗುಣವಾಗುವ ನಿರೀಕ್ಷೆಯಿಲ್ಲದ, ಯಾವ ಕಾಲದಲ್ಲೂ ಉಪವಾಸ ಅಪಾಯಕರವಾದ ಕಾಯಿಲೆಯಾದರೆ ಒಂದೊಂದು ಉಪವಾಸಕ್ಕೆ ಒಬ್ಬ ಬಡವನಿಗೆ ಆಹಾರದಂತೆ ಫಿದ್ಯಾ ಕೊಡಬೇಕು. ಹನಫೀ ಮದ್‌ಹಬಿನಲ್ಲಿ ಇದು ದಿನವೊಂದಕ್ಕೆ ಫಿತ್ರ್ ಸದಕಾದಷ್ಟು. ಶಾಫಿಈ ಮದ್‌ಹಬಿನಲ್ಲಿ ಒಂದು ಮುದ್ದ್ ಧಾನ್ಯ. ಮುಂದೊಮ್ಮೆ ಅಲ್ಲಾಹನು ಗುಣ ಕೊಟ್ಟರೆ ಕಝಾದ ವಿಚಾರವನ್ನು ನಿಮ್ಮ ಉಲಮಾರಲ್ಲಿ ಕೇಳಿರಿ. ಕಾಯಿಲೆ ಯಾವ ಬಗೆಯದು, ಉಪವಾಸ ತಡೆದುಕೊಳ್ಳಬಹುದೇ ಎಂಬುದನ್ನು ತೀರ್ಮಾನಿಸುವವನು ಮೌಲವಿಯಲ್ಲ, ಅತ್ತೆಯೂ ಅಲ್ಲ. ನುರಿತ, ನಂಬಿಕೆಗೆ ಅರ್ಹನಾದ ವೈದ್ಯ. ಮಾತ್ರೆಯಲ್ಲೇ ಹತೋಟಿಯಲ್ಲಿರುವ ಎಷ್ಟೋ ಮಧುಮೇಹಿಗಳು ಔಷಧದ ಹೊತ್ತು ಬದಲಿಸಿಕೊಂಡು ಕ್ಷೇಮವಾಗಿ ಉಪವಾಸ ಆಚರಿಸುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲೂ ವೈದ್ಯರ ಕಣ್ಗಾವಲಿನಲ್ಲಿ ಆಚರಿಸುವವರು ಇದ್ದಾರೆ. ಆದರೆ ಆ ಮಾತುಕತೆ ರಮಝಾನಿಗೆ ಆರೇಳು ವಾರ ಮುಂಚೆ, ರಜಬ್ ತಿಂಗಳಲ್ಲೇ ಆಗಬೇಕು. ಚಂದ್ರದರ್ಶನವಾದ ರಾತ್ರಿಯಲ್ಲ. 2001ರಲ್ಲಿ ಹದಿಮೂರು ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳ ಬಗ್ಗೆ ದೊಡ್ಡದೊಂದು ಅಧ್ಯಯನ ನಡೆದಿತ್ತು. ನನ್ನ ಪತ್ನಿಗಿರುವ ಬಗೆಯ ಕಾಯಿಲೆಯವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ರಮಝಾನಿನಲ್ಲಿ ಸುಮಾರು ಐದು ಪಟ್ಟು ಹೆಚ್ಚಿದ್ದುದು ಅದರಲ್ಲಿ ಕಂಡುಬಂತು.

ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂದು ಭಾವಿಸಿ ದಿನವಿಡೀ ಪರೀಕ್ಷಿಸದೆ ಇರುವವರಿದ್ದಾರೆ. ಮುರಿಯುವುದಿಲ್ಲ. ಚರ್ಮಕ್ಕೆ ಅಥವಾ ಸ್ನಾಯುವಿಗೆ ಕೊಡುವ, ಆಹಾರವಲ್ಲದ ಔಷಧದ ಚುಚ್ಚುಮದ್ದಿನಿಂದಲೂ ಮುರಿಯುವುದಿಲ್ಲವೆಂದು ಜಿದ್ದಾದಲ್ಲಿ 1997ರಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ನಿರ್ಣಯಿಸಿದೆ. ಪರೀಕ್ಷೆಯಲ್ಲಿ ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿದ್ದರೆ ಮಗ್ರಿಬಿಗೆ ಐದೇ ನಿಮಿಷ ಉಳಿದಿದ್ದರೂ ಕಾಯಬಾರದು. ಕೂಡಲೇ ಸಿಹಿ ತಿನ್ನಬೇಕು.

ಗಂಡಂದಿರಿಗೆ ಒಂದು ಮಾತು. ಹಿಜರಿ ಎರಡನೇ ವರ್ಷ ಬದ್ರ್ ಯುದ್ಧಕ್ಕೆ ಮುಸ್ಲಿಮರು ಹೊರಟಾಗ ಹಝ್ರತ್ ಉಸ್ಮಾನ್(ರ) ಹೋಗಲಿಲ್ಲ. ಅವರ ಪತ್ನಿ, ಪ್ರವಾದಿವರ್ಯರ(ಸ) ಪುತ್ರಿ ರುಕಯ್ಯಾ(ರ) ಕಾಯಿಲೆಯಿಂದ ಮಲಗಿದ್ದರು. ಪತ್ನಿಯ ಶುಶ್ರೂಷೆಗಾಗಿ ಮದೀನದಲ್ಲೇ ಉಳಿಯಬೇಕೆಂದೂ ಬದ್ರ್‌ನಲ್ಲಿ ಹಾಜರಿದ್ದವನ ಪುಣ್ಯವೂ ಪಾಲೂ ಅವರಿಗಿದೆಯೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದರು. ಸಹೀಹ್ ಬುಖಾರಿಯಲ್ಲಿ ಇದು ಬಂದಿದೆ. ಎಷ್ಟೋ ವರ್ಷಗಳ ಮೇಲೆ ಯಾರೋ, ಉಸ್ಮಾನರು ಬದ್ರ್‌ಗೆ ಗೈರುಹಾಜರಾಗಿದ್ದರಲ್ಲ ಎಂದು ಆಕ್ಷೇಪವೆತ್ತಿದಾಗ ಇಬ್ನು ಉಮರ್(ರ) ಈ ಉತ್ತರ ಕೊಟ್ಟರು. ಸ್ವಲ್ಪ ಯೋಚಿಸಿರಿ. ಬದ್ರ್‌ನಲ್ಲಿ ಮುನ್ನೂರ ಚಿಲ್ಲರೆ ಜನ ಮಾತ್ರ ಇದ್ದರು. ಒಬ್ಬೊಬ್ಬನೂ ಬೇಕಾಗಿದ್ದ. ಆದರೂ ರೋಗಿ ಹೆಂಡತಿಯ ಹಾಸಿಗೆಯ ಬಳಿ ಕುಳಿತವನನ್ನು ರಣರಂಗದಲ್ಲಿದ್ದವನೆಂದೇ ಲೆಕ್ಕ ಹಾಕಲಾಯಿತು. ನಮ್ಮಲ್ಲಿ ತರಾವೀಹ್ ತಪ್ಪಿದರೆ ಕೊರಗುವ ಗಂಡಸರು ಬಹಳ ಮಂದಿ ಇದ್ದಾರೆ, ಒಳ್ಳೆಯದೇ. ಆದರೆ ಆ ಹೊತ್ತಿಗೆ ಮನೆಯಲ್ಲಿ ಹೆಂಡತಿಯ ಕೈ ನಡುಗುತ್ತಿದ್ದರೆ, ಮಕ್ಕಳಿಗೆ ಉಣಿಸಿ ಮಲಗಿಸುವವರಿಲ್ಲದಿದ್ದರೆ, ತರಾವೀಹನ್ನು ಮನೆಯಲ್ಲೂ ಮಾಡಬಹುದು.

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದರು. ಆ ಘಟನೆಯ ಮೇಲೆ ನಾನೂ ಮನೆಯ ಕೆಲಸ ಕಲಿತೆ. ಮಗಳಿಗೆ ಜಡೆ ಹಾಕುವುದು ಬಂತು, ಸೊಟ್ಟಗೆ. ಸಹರಿಗೆ ರೊಟ್ಟಿ ಬೇಯಿಸುವುದು ಬಂತು. ಅದು ಗುಂಡಗೆ ಬರುವುದು ಇನ್ನೂ ಅಲ್ಲಾಹನ ಇಚ್ಛೆಯಲ್ಲಿದೆ.

ಈಗ ಆ ಯುವಕರ ಪ್ರಶ್ನೆಗೆ. ಅಮ್ಮಿಗೆ ಹೇಗೆ ಹೇಳುವುದು? ಮೊದಲು ನಾನು ಆಯತ್, ಹದೀಸ್ ಹಿಡಿದು ವಾದಕ್ಕೆ ಹೋದೆ. ಅದು ತಪ್ಪು ದಾರಿ. ತಾಯಿಯೆದುರು ಮಗ ಗೆದ್ದರೆ ಅದರ ದಂಡವನ್ನು ಸೊಸೆ ತೆರಬೇಕಾಗುತ್ತದೆ. ಹೆತ್ತವರಿಗೆ 'ಉಫ್' ಎನ್ನಬಾರದೆಂದು ಕುರ್‌ಆನ್ ಆದೇಶಿಸಿರುವಾಗ ಇಂಥ ವಾದದಲ್ಲಿ ಬರಕತ್ ಎಲ್ಲಿಂದ ಬರಬೇಕು? ಮುಂದಿನ ತಪಾಸಣೆಗೆ ಹೋಗುವಾಗ ಅಮ್ಮಿಯನ್ನೂ ಕರೆದುಕೊಂಡು ಹೋದೆ. ಸಾಲಿನಲ್ಲಿ ನಮ್ಮೊಂದಿಗೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ತಾನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡದ್ದನ್ನು ಅವರು ನೋಡಿದರು. ಕಾಲಿನ ಗಾಯ ಮಾಯದೆ ಬೆರಳು ಕಳೆದುಕೊಂಡ ಮುದುಕರೊಂದಿಗೆ ಮಾತಾಡಿದರು. ವೈದ್ಯರು ಅವರನ್ನೇ ಉದ್ದೇಶಿಸಿ, "ಅಮ್ಮಾ, ನಿಮ್ಮ ಸೊಸೆಯನ್ನು ನೋಡಿಕೊಳ್ಳುವ ಜವಾಬ್ದಾರಿ ನಿಮ್ಮದು" ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ಅಮ್ಮಿ ಮಾತಾಡಲಿಲ್ಲ. ಮರುದಿನದಿಂದ ಬೆಳಗ್ಗೆ ಹನ್ನೊಂದಕ್ಕೆ, "ತಿಂದೆಯಾ ಬೇಟಿ?" ಎಂದು ಕೇಳತೊಡಗಿದರು. ಅವರಿಗೆ ಬೇಕಾಗಿದ್ದುದು ಮಗನಿಂದ ಫತ್ವಾ ಅಲ್ಲ. ಮನೆಯ ಹಿರಿಯರಾಗಿ ಅವರಿಗೂ ಒಂದು ಸ್ಥಾನ ಬೇಕಾಗಿತ್ತು.

ಮಕ್ಕಳಿಗೆ ಏನು ಹೇಳುವುದು? ಇಲ್ಲಿ ನಾವಿಬ್ಬರೂ ತಪ್ಪಿದ್ದೆವು. ಮಕ್ಕಳು ಹೆದರಬಾರದೆಂದು ಎಲ್ಲವನ್ನೂ ಮುಚ್ಚಿಟ್ಟಿದ್ದೆವು. ಸೂಜಿ ಚುಚ್ಚಿಕೊಳ್ಳುವಾಗ ಬಾಗಿಲು ಹಾಕಿಕೊಳ್ಳುವುದು, ಕೇಳಿದರೆ 'ತಾಕತ್ತಿನ ಔಷಧ' ಎನ್ನುವುದು. ಆಸ್ಪತ್ರೆಯಿಂದ ಬಂದ ರಾತ್ರಿ ಮಗಳು ನನ್ನ ಪಕ್ಕದಲ್ಲಿ ಮಲಗಿ, "ಅಬ್ಬಾ, ಅಮ್ಮಿಯನ್ನು ಎಬ್ಬಿಸದೆ ನಾನು ತಪ್ಪು ಮಾಡಿದೆನಾ?" ಎಂದು ಕೇಳಿದಳು. ಗೊತ್ತಿದ್ದ ದೊಡ್ಡವನು ಸುಮ್ಮನಿದ್ದ. ಗೊತ್ತಿಲ್ಲದ ಮಗು ತನ್ನನ್ನೇ ದೂರಿಕೊಳ್ಳುತ್ತಿತ್ತು. ನೀನು ಅಮ್ಮಿಗೆ ಚಾದರ ಹೊದಿಸಿದ್ದನ್ನು ಅಲ್ಲಾಹನು ನೋಡಿದ್ದಾನೆ, ತಪ್ಪು ನಮ್ಮದು, ನಿನಗೆ ಹೇಳಿಕೊಡದೆ ಹೋದದ್ದು ಎಂದು ಹೇಳಿದೆ.

ಇನ್ನೊಂದು ಸಂಗತಿಯೂ ಆಮೇಲೆ ಹೊರಬಿತ್ತು. ಸಕ್ಕರೆ ಇಳಿಯುವಾಗ ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಅದು ಆ ಸ್ಥಿತಿಯ ಲಕ್ಷಣಗಳಲ್ಲೊಂದು. ಅಂಥ ಹೊತ್ತಿನಲ್ಲಿ ಆಕೆ ಮಕ್ಕಳನ್ನು ಗದರಿದ್ದಿದೆ, ಒಮ್ಮೊಮ್ಮೆ ಕೈಯೆತ್ತಿದ್ದೂ ಇದೆ. ತಾನು ಕೆಟ್ಟವಳಾದ್ದರಿಂದ ಅಮ್ಮಿಗೆ ಸಿಟ್ಟು ಬರುತ್ತದೆಂದು ಮಗಳು ತಿಳಿದಿದ್ದಳು. ಈಗ ಅವಳಿಗೆ ನಿಜ ಗೊತ್ತು. ಅಮ್ಮಿಯ ಮುಖ ಬೆವರಿದರೆ, ಕೈ ನಡುಗಿದರೆ, ಮಾತು ತೊದಲಿದರೆ, ಸುಮ್ಮಸುಮ್ಮನೆ ಸಿಟ್ಟಾದರೆ ಸಕ್ಕರೆ ಇಳಿದಿದೆ ಎಂದರ್ಥ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಕಾಲು ಗಂಟೆಯಾದರೂ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರುಗಟ್ಟುವ ಅಪಾಯವಿದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಎದುರು ಮನೆಯ ಆಂಟಿಯನ್ನು ಕೂಗಬೇಕು, 108ಕ್ಕೆ ಫೋನ್ ಮಾಡಬೇಕು. ಆರು ವರ್ಷದ ಮಗು ಇದನ್ನು ಒಂದೇ ಸಂಜೆಯಲ್ಲಿ ಕಲಿಯಿತು. ಅದಕ್ಕಿಂತ ಉದ್ದದ ದುಆಗಳನ್ನು ನಾವು ಅವರಿಗೆ ಕಲಿಸುತ್ತೇವಲ್ಲವೇ? ತಾಯಿಯೂ ಒಂದು ರೂಢಿ ಮಾಡಿಕೊಂಡಿದ್ದಾಳೆ. ಸಕ್ಕರೆ ಸರಿಹೋದ ಮೇಲೆ ಮಕ್ಕಳನ್ನು ಕರೆದು, ಗದರಿದ್ದಕ್ಕೆ ಕ್ಷಮೆ ಕೇಳುತ್ತಾಳೆ. ಮಕ್ಕಳಲ್ಲಿ ಕ್ಷಮೆ ಕೇಳಿದರೆ ಹಿರಿತನ ಕಳೆಯುತ್ತದೆಂದು ಹಿರಿಯರು ಹೇಳುವುದುಂಟು. ನನಗೆ ಹಾಗೆ ಕಂಡಿಲ್ಲ.

ಅಮ್ಮಿ ಸಾಯುತ್ತಾರಾ ಎಂದು ಮಗಳು ಒಮ್ಮೆ ಕೇಳಿದಾಗ, ಇಲ್ಲವೆಂದು ಸುಳ್ಳು ಹೇಳಲಿಲ್ಲ. ಎಲ್ಲರೂ ಒಂದು ದಿನ ಅಲ್ಲಾಹನ ಬಳಿಗೆ ಮರಳುವವರೇ, ಆದರೆ ಔಷಧ ಸರಿಯಾಗಿ ತೆಗೆದುಕೊಂಡರೆ ಈ ಕಾಯಿಲೆಯವರು ಅಜ್ಜಿಯಾಗುವವರೆಗೂ ಬದುಕುತ್ತಾರೆ ಎಂದೆ. "ದಾದಿಯಷ್ಟು ದೊಡ್ಡ ಅಜ್ಜಿಯಾ?" ಎಂದು ಕೇಳಿ ಮಲಗಿದಳು. ಮಗುವಿನ ಅಳು ಕೇಳಿಸಿದರೆ ಅದರ ತಾಯಿಗೆ ಕಷ್ಟವಾಗುವುದೆಂದು ಪ್ರವಾದಿವರ್ಯರು(ಸ) ತಾವು ನಡೆಸುತ್ತಿದ್ದ ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು. ಮಗುವಿನ ಭಯವನ್ನು ಕೇಳಿಸಿಕೊಳ್ಳಲು ನಮ್ಮ ಹತ್ತು ನಿಮಿಷ ಹೋದರೆ ನಷ್ಟವೇನು?

ಕಾಯಿಲೆಯ ಸಹೋದರಿಯರೇ, ನಿಮ್ಮೊಳಗಿನ ಕೊರಗು ನನಗೆ ಸ್ವಲ್ಪ ಗೊತ್ತು. ಓರಗಿತ್ತಿಯರು ತಹಜ್ಜುದ್‌ಗೆ ಏಳುತ್ತಾರೆ, ನನಗಾಗುವುದಿಲ್ಲ, ಅವರ ಖತಮ್ ಎರಡಾಯಿತು, ನನ್ನದು ಹತ್ತು ಜುಝ್ ದಾಟಿಲ್ಲ ಎಂದು ನನ್ನ ಪತ್ನಿ ಅತ್ತದ್ದುಂಟು. ದಾಸನು ಕಾಯಿಲೆ ಬಿದ್ದಾಗ ಅಥವಾ ಪ್ರಯಾಣದಲ್ಲಿರುವಾಗ, ಆರೋಗ್ಯದಿಂದ ಊರಿನಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳೇ ಅವನ ಹೆಸರಿಗೆ ಬರೆಯಲ್ಪಡುತ್ತವೆ ಎಂಬ ಹದೀಸನ್ನು ಅಬೂ ಮೂಸಾ(ರ) ವರದಿ ಮಾಡಿದ್ದಾರೆ. ನಿಮ್ಮ ಪುಟ ಖಾಲಿಯಿಲ್ಲ. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ನಮಾಝಿನ ಬಗ್ಗೆ ಕೇಳಿದಾಗ, ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಪಕ್ಕಕ್ಕೆ ಮಲಗಿಕೊಂಡು ನಿರ್ವಹಿಸಲು ಪ್ರವಾದಿವರ್ಯರು(ಸ) ಹೇಳಿದರು. ಮಂಡಿನೋವಿನವರಿಗೂ ಉಬ್ಬಸದವರಿಗೂ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ತಂದೆಯಂದಿರಿಗೂ ಇದೇ ದಾರಿ.

ಸಬ್ರ್ ಎಂದರೆ ಬಾಯಿಮುಚ್ಚಿಕೊಂಡಿರುವುದೆಂದು ಹೆಂಗಸರಿಗೆ ಕಲಿಸಿರುವುದು ನಾವು ಗಂಡಸರು. ಸಹನೆಗೆ ಹೆಸರಾದ ಪ್ರವಾದಿ ಅಯ್ಯೂಬ್‌(ಅ) ತಮಗೆ ಸಂಕಟ ತಟ್ಟಿದೆಯೆಂದು ತಮ್ಮ ಪ್ರಭುವನ್ನು ಕೂಗಿ ಹೇಳಿದರು. ಅನಂತರವೂ ಅಲ್ಲಾಹನು ಸಾದ್ ಅಧ್ಯಾಯದಲ್ಲಿ ಅವರನ್ನು ಸಹನಶೀಲರೆಂದೇ ಹೊಗಳಿದ್ದಾನೆ. ಅದೇ ಅಧ್ಯಾಯದ 44ನೇ ಸೂಕ್ತದಲ್ಲಿ ಒಂದು ಹಿಡಿ ಹುಲ್ಲಿನ ಪ್ರಸ್ತಾಪವಿದೆ. ಕಾಯಿಲೆಯ ದಿನಗಳಲ್ಲಿ ಯಾವುದೋ ಕಾರಣಕ್ಕೆ ಪತ್ನಿಯನ್ನು ಹೊಡೆಯುವೆನೆಂದು ಅಯ್ಯೂಬ್‌(ಅ) ಆಣೆಯಿಟ್ಟಿದ್ದರೆಂದೂ, ಅಷ್ಟು ಕಾಲ ಆರೈಕೆ ಮಾಡಿದ ಆ ಸಾಧ್ವಿಗೆ ನೋವಾಗದಂತೆ ಆಣೆ ತೀರಿಸುವ ದಾರಿಯನ್ನು ಅಲ್ಲಾಹನು ತೋರಿಸಿದನೆಂದೂ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ರೋಗಿಯೂ ದಣಿದು ಮಾತಾಡುತ್ತಾನೆ, ಆರೈಕೆ ಮಾಡುವವರೂ ದಣಿಯುತ್ತಾರೆ. ಇಬ್ಬರ ಮೇಲೂ ಕರುಣೆಯಿದೆ.

ಪುಡಿ, ಬೇರು, ತಾಯಿತಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನ ಪತ್ನಿ ಹುಡುಗಿಯಾಗಿದ್ದಾಗ ಒಬ್ಬರ ಮಾತು ಕೇಳಿ ಎರಡು ದಿನ ಇನ್ಸುಲಿನ್ ನಿಲ್ಲಿಸಿ ಪುಡಿ ತಿನ್ನಿಸಿದ್ದರು. ವಾಂತಿಯಾಗಿ, ಉಸಿರು ಏರಿ, ಆಸ್ಪತ್ರೆಯಲ್ಲಿ ತುರ್ತು ಘಟಕ ಸೇರಿ ಬದುಕಿ ಬಂದಳು. ದುಆ ಮಾಡಿರಿ, ಕುರ್‌ಆನ್ ಓದಿ ಊದಿರಿ. ಇನ್ಸುಲಿನ್ ಮಾತ್ರ ನಿಲ್ಲಿಸಬೇಡಿರಿ. ಮದುವೆಯ ವಿಷಯದಲ್ಲೂ ಅಷ್ಟೆ. ನನ್ನ ಮಾವನವರು ನಿಕಾಹ್‌ಗೆ ಮುಂಚೆಯೇ ಎಲ್ಲವನ್ನೂ ಬಿಚ್ಚಿ ಹೇಳಿದ್ದರು. ಅದಕ್ಕೆ ಮುಂಚೆ ಮೂ‌ರು ಸಂಬಂಧಗಳು ತಪ್ಪಿಹೋಗಿದ್ದವಂತೆ. ಮುಚ್ಚಿಟ್ಟು ಮಾಡಿದ ಮದುವೆಗಳು ಮೊದಲ ತಿಂಗಳಲ್ಲೇ ಮುರಿದುದನ್ನೂ ನಾನು ನೋಡಿದ್ದೇನೆ.

ಮೊಹಲ್ಲಾದ ಜಮಾಅತ್ ಸಮಿತಿಯವರಲ್ಲಿ ಒಂದು ಕೋರಿಕೆ. ರಮಝಾನಿನಲ್ಲಿ ಹಂಚುವ ಕಿಟ್ಟುಗಳಲ್ಲಿ ಶರಬತ್ತು, ಸಕ್ಕರೆ, ಖರ್ಜೂರ ಧಾರಾಳವಾಗಿರುತ್ತವೆ. ಇನ್ಸುಲಿನ್ ಬೇಕಾದ ಬಡ ಮನೆಗೆ ಅದರ ಜೊತೆ ಸಕ್ಕರೆ ಅಳೆಯುವ ಪಟ್ಟಿಗಳ ಒಂದು ಡಬ್ಬಿ ಕೊಟ್ಟರೆ ಆಗದೇ? ಬಡವನ ಔಷಧಕ್ಕೆ ಝಕಾತ್ ಸಲ್ಲುತ್ತದೆ. ಬೆಂಗಳೂರಿನ ವಾರ್ಡುಗಳಲ್ಲಿ ತೆರೆದ ನಮ್ಮ ಕ್ಲಿನಿಕ್‌ಗಳಲ್ಲಿ ರಕ್ತದೊತ್ತಡ, ಸಕ್ಕರೆಗಳನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಯಶವಂತಪುರದವರಿಗೆ ದೂರವೇನಲ್ಲ. ಜುಮಾದ ಪ್ರಕಟಣೆಗಳಲ್ಲಿ ಕಳೆದುಹೋದ ಪರ್ಸಿನ ಬಗ್ಗೆ ಹೇಳುವಾಗ ಇದನ್ನೂ ಒಂದು ಸಲ ಹೇಳಬಹುದು.

ಇಷ್ಟನ್ನೂ ಆ ಯುವಕರಿಗೆ ಮಸೀದಿಯ ಗೋಡೆಯ ಪಕ್ಕ ನಿಂತು ಹೇಳಿದೆ. ಕೇಳಿದ ಮೇಲೆ ಅವರು, "ಇದನ್ನು ಬರೆದು ಕೊಡಿ ಮೌಲವಿ ಸಾಹೇಬರೇ. ಅಮ್ಮಿಗೆ ಉರ್ದು ಓದಲು ಬರುವುದಿಲ್ಲ, ಕನ್ನಡ ಬರುತ್ತದೆ. ಈ ಪತ್ರಿಕೆಯನ್ನು ತಿಂಗಳು ತಿಂಗಳೂ ಓದುತ್ತಾರೆ. ನಾನು ಹೇಳಿದರೆ ಹೆಂಡತಿಯ ಪರ ಮಾತಾಡಿದಂತಾಗುತ್ತದೆ" ಎಂದರು.

ಹಾಗಾಗಿ ಬರೆದಿದ್ದೇನೆ. ಆ ತಾಯಿಯವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಲಾಮ್. ಅಮ್ಮಾ, ನಿಮ್ಮ ಮಗ ನಿಮ್ಮ ಮೇಲೆ ದೂರು ಹೇಳಲಿಲ್ಲ, ನಿಮ್ಮನ್ನು ನೋಯಿಸದೆ ಹೇಗೆ ಹೇಳುವುದೆಂದು ಕೇಳಿದರು. ನಿಮ್ಮ ಸೊಸೆಯ ಫಿದ್ಯಾವನ್ನು ಈ ವರ್ಷ ನಿಮ್ಮ ಕೈಯಿಂದಲೇ ಕೊಡಿಸಿರಿ, ಅಳೆಯುವಾಗ ಮೊಮ್ಮಕ್ಕಳನ್ನೂ ಕೂರಿಸಿಕೊಳ್ಳಿರಿ. ಮಧ್ಯಾಹ್ನ ಆಕೆ ಉಣ್ಣುವಾಗ ಅಡುಗೆಮನೆಯ ಬಾಗಿಲು ತೆರೆದಿರಲಿ. ನಿಮಗೆ ರೋಝಾ ಇದ್ದರೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತುಕೊಳ್ಳಿರಿ.